ನಿಧಾನವಾದ ಕಂಪ್ಯೂಟರಿಗೆ ಹೊಸ ವಿಂಡೋಸ್ ಬೇಕೆ? ಅಳೆದು ನೋಡಿ ತೀರ್ಮಾನಿಸುವ ಬಗೆ

ಬಟನ್ ಒತ್ತಿ, ಕಾಫಿಗೆ ನೀರಿಟ್ಟು, ಲೋಟ ಹಿಡಿದು ವಾಪಸು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ತೋಟದ ಲೆಕ್ಕದ ಫೈಲು ತೆರೆಯಲು ಎರಡು ನಿಮಿಷ, ಪಹಣಿಯ ಪ್ರಿಂಟು ತೆಗೆಯಲು ಐದು ನಿಮಿಷ. ಇಂಥ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಸಿಬಿಡಿ. ಹಾಕಿಸಿದ ಮೇಲೆ ಒಂದು ವಾರ ಚೆನ್ನಾಗಿಯೇ ಓಡುತ್ತದೆ. ತಿಂಗಳು ತುಂಬುವುದರೊಳಗೆ ಮತ್ತೆ ಅದೇ ಗತಿ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಕಂಪ್ಯೂಟರ್ ಯಾಕೆ ನಿಧಾನ ಎಂಬುದು ಒಂದು. ಅದರಲ್ಲಿರುವ ವಿಂಡೋಸ್ ಇನ್ನೂ ಬಳಸಲು ಸುರಕ್ಷಿತವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ಫೈಲುಗಳನ್ನು ಕೂಡಿಡುವ ಡಿಸ್ಕಿನಲ್ಲೋ ಕೆಲಸದ ವೇಳೆಯ ತಾತ್ಕಾಲಿಕ ನೆನಪಾದ ರ‍್ಯಾಮಿನಲ್ಲೋ ಫ್ಯಾನಿಗೆ ಮೆತ್ತಿದ ಧೂಳಿನಲ್ಲೋ ಇರುತ್ತದೆ. ಎರಡನೆಯದಕ್ಕೆ ಉತ್ತರ ಕ್ಯಾಲೆಂಡರಿನಲ್ಲಿದೆ. ಹಳೆಯ ಹಾರ್ಡ್ ಡಿಸ್ಕಿನ ಮೇಲೆ ಹೊಸ ವಿಂಡೋಸ್ ಹಾಕಿದರೆ ವೇಗ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಹೊಸ ಆವೃತ್ತಿ ಹಿನ್ನೆಲೆಯಲ್ಲಿ ಮಾಡುವ ಕೆಲಸ ಹೆಚ್ಚು, ಕೇಳುವ ರ‍್ಯಾಮೂ ಹೆಚ್ಚು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಅಳತೆ, ಆಮೇಲೆ ಡಿಸ್ಕು ಮತ್ತು ರ‍್ಯಾಮ್, ಕೊನೆಗೆ ವಿಂಡೋಸಿನ ತೀರ್ಮಾನ.

ಅಳತೆ

ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಹಾಕಿದರೆ ಸಾಲದು. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಶಟ್‌ಡೌನ್ ಕೊಟ್ಟಾಗ ಅದು ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಹಳೆಯ ತೊಡಕು ಹಾಗೇ ಉಳಿಯುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಮಳೆಗಾಲವಿಡೀ ಮುಚ್ಚಿಟ್ಟ ಕಂಪ್ಯೂಟರಾದರೆ ಇನ್ನೂ ಸ್ವಲ್ಪ ತಾಳ್ಮೆ ಬೇಕು. ಮೂರು ತಿಂಗಳ ಅಪ್‌ಡೇಟುಗಳು ಒಟ್ಟಿಗೆ ಇಳಿಯುತ್ತವೆ, ಜೊತೆಗೆ ವಿಂಡೋಸಿನದೇ ವೈರಸ್ ಕಾವಲುಗಾರ ಡಿಫೆಂಡರ್ ಎಲ್ಲ ಫೈಲುಗಳನ್ನೂ ಜಾಲಾಡಲು ಹೊರಡುತ್ತದೆ. ಮೊದಲ ಒಂದೆರಡು ಗಂಟೆ ಯಾವ ಹಳೆಯ ಕಂಪ್ಯೂಟರೂ ತೆವಳುತ್ತದೆ. ಅದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಅಪ್‌ಡೇಟ್ ಮುಗಿಯಲಿ, ಇನ್ನೊಮ್ಮೆ ರೀಸ್ಟಾರ್ಟ್ ಆಗಲಿ, ಹದಿನೈದು ನಿಮಿಷ ಸುಮ್ಮನೆ ಬಿಡಿ.

ಈಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಚಿಕ್ಕದಾಗಿ ತೆರೆದರೆ ಕೆಳಗಿನ 'ಮೋರ್ ಡೀಟೇಲ್ಸ್' ಒತ್ತಿ, 'ಪರ್ಫಾರ್ಮೆನ್ಸ್' ಎಂಬಲ್ಲಿಗೆ ಹೋಗಿ. ನೀವು ದಿನವೂ ಬಳಸುವ ಎರಡು ಮೂರು ಪ್ರೋಗ್ರಾಮ್‌ಗಳನ್ನು ತೆರೆಯಿರಿ. ಲೆಕ್ಕದ ತಂತ್ರಾಂಶ, ಕ್ರೋಮ್‌ನಲ್ಲಿ ನಾಲ್ಕೈದು ಟ್ಯಾಬ್, ಒಂದು ವರ್ಡ್ ಫೈಲ್. ತೆರೆಯುವಾಗಲೇ ಎಡಗಡೆಯ ಪಟ್ಟಿಯನ್ನು ನೋಡುತ್ತಿರಿ.

ಡಿಸ್ಕಿನ ಮೇಲೆ ಕ್ಲಿಕ್ ಮಾಡಿದರೆ ಒಂದು ಗ್ರಾಫೂ ಅದರ ಕೆಳಗೆ ನಾಲ್ಕಾರು ಅಂಕಿಗಳೂ ಕಾಣುತ್ತವೆ. ಗ್ರಾಫು 100 ಶೇಕಡಾಕ್ಕೆ ಅಂಟಿಕೊಂಡು ನಿಂತಿದ್ದು, ಕೆಳಗಿನ ಓದುವ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಎಂಬಿ ಇದ್ದರೆ, ನಿಮ್ಮ ನಿಧಾನದ ಕಾರಣ ಅಲ್ಲೇ ಸಿಕ್ಕಿತು. 'ಆವರೇಜ್ ರೆಸ್ಪಾನ್ಸ್ ಟೈಮ್' ಎಂಬ ಅಂಕಿಯನ್ನೂ ನೋಡಿ. ಹೊಸ ಬಗೆಯ ಚಿಪ್ ಡಿಸ್ಕಾದ ಎಸ್‌ಎಸ್‌ಡಿ ಒಳ್ಳೆಯದಾದರೆ ಇದು ಕೆಲವೇ ಮಿಲಿಸೆಕೆಂಡ್ ಇರುತ್ತದೆ. ಏದುಸಿರು ಬಿಡುತ್ತಿರುವ ಹಾರ್ಡ್ ಡಿಸ್ಕಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರ ದಾಟುತ್ತದೆ. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ ಒಂದು ಸೂಜಿಯಂಥ ತೋಳು ಅತ್ತಿತ್ತ ಓಡಾಡಿ ಓದಬೇಕು. ಸೆಕೆಂಡಿಗೆ ನೂರರ ಆಸುಪಾಸು ಸಲ ಮಾತ್ರ ಅದು ಜಾಗ ಬದಲಿಸಬಲ್ಲದು. ವಿಂಡೋಸ್ ಏಳುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಬೇರೆ ಬೇರೆ ಮೂಲೆಗಳಿಂದ ಕೇಳುತ್ತದೆ. ತೋಳು ಓಡಿ ಓಡಿ ಸುಸ್ತಾಗುವುದು ಅಲ್ಲಿ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಆದ್ದರಿಂದ ಈ ಓಡಾಟವೂ ಇಲ್ಲ.

ಮೆಮೊರಿಯ ಮೇಲೆ ಕ್ಲಿಕ್ ಮಾಡಿ. ನಾಲ್ಕು ಜಿಬಿ ಇದ್ದು 85-90 ಶೇಕಡಾ ತುಂಬಿದ್ದರೆ, ಮಿಕ್ಕದ್ದನ್ನು ವಿಂಡೋಸ್ ಡಿಸ್ಕಿಗೆ ಸುರಿಯುತ್ತಿರುತ್ತದೆ. ಆಗ ಡಿಸ್ಕೂ 100ಕ್ಕೆ ಏರುತ್ತದೆ, ಮೂಲ ತೊಂದರೆ ರ‍್ಯಾಮಿನದು. 'ಸ್ಲಾಟ್ಸ್ ಯೂಸ್ಡ್' ಎಂಬ ಸಾಲು ಇಲ್ಲೇ ಇದೆ. ಎರಡರಲ್ಲಿ ಒಂದು ಎಂದಿದ್ದರೆ ಇನ್ನೊಂದು ರ‍್ಯಾಮ್ ಹಾಕಲು ಜಾಗವಿದೆ ಎಂದರ್ಥ.

ಸಿಪಿಯು, ಅಂದರೆ ಪ್ರೊಸೆಸರ್, ನೋಡುವಾಗ ಶೇಕಡಾವಾರಿನ ಜೊತೆಗೆ 'ಸ್ಪೀಡ್' ಎಂಬ ಅಂಕಿಯನ್ನೂ ಗಮನಿಸಿ. ಭಾರೀ ಕೆಲಸ ಕೊಟ್ಟಾಗಲೂ ಅದು 0.8 ಗಿಗಾಹರ್ಟ್ಸ್‌ ಹತ್ತಿರವೇ ಕೂತಿದ್ದರೆ ಪ್ರೊಸೆಸರಿಗೆ ಯಾರೋ ಲಗಾಮು ಹಾಕಿದ್ದಾರೆ. ಬಿಸಿ ಏರಿ ತಾನೇ ವೇಗ ಇಳಿಸಿಕೊಂಡಿರಬಹುದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕೂಡ ಕಾರಣವಾಗುತ್ತದೆ: ಕೆಲವು ಡೆಲ್ ಲ್ಯಾಪ್‌ಟಾಪ್‌ಗಳು ಚಾರ್ಜರನ್ನು ಗುರುತಿಸಲಾಗದಿದ್ದರೆ ಪ್ರೊಸೆಸರಿನ ವೇಗ ತಗ್ಗಿಸಿಬಿಡುತ್ತವೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದಾಗ ವೇಗ ಏರಿತೆಂದರೆ ತಪ್ಪು ಚಾರ್ಜರಿನದೇ. ಇದಕ್ಕೆ ವಿಂಡೋಸ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಇನ್ನೊಂದು ಪರೀಕ್ಷೆ ತಪ್ಪದೆ ಮಾಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ತೆರೆದರೆ ಡಿಸ್ಕಿನ ಆರೋಗ್ಯವನ್ನು ಬಣ್ಣದಲ್ಲಿ ತೋರಿಸುತ್ತದೆ. ನೀಲಿ ಇದ್ದರೆ ಸರಿ, ಹಳದಿ ಎಚ್ಚರಿಕೆ, ಕೆಂಪು ಅಪಾಯ. ಹಳದಿ ಕಂಡರೆ ಬೇರೆಲ್ಲ ಕೆಲಸ ಅಲ್ಲಿಗೆ ನಿಲ್ಲಿಸಿ, ಮೊದಲು ಫೈಲುಗಳನ್ನು ಹೊರಗೆ ತೆಗೆಯಿರಿ. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗದ ಸ್ಕ್ಯಾನ್ ಮಾಡಿದ ಕಾಗದಗಳು, ಒಕ್ಕದ (ಕೊಡವ ಮನೆತನದ) ಹಳೆಯ ಫೋಟೊಗಳು ಇಂಥ ಡಿಸ್ಕಿನಲ್ಲೇ ಒಂಟಿ ಪ್ರತಿಯಾಗಿ ಉಳಿದಿರುತ್ತವೆ. ಹಳದಿ ಡಿಸ್ಕಿನ ಮೇಲೆ ವಿಂಡೋಸ್ ಅಪ್‌ಗ್ರೇಡ್ ಶುರು ಮಾಡುವುದು ಒಡೆದ ಸಂಕದ ಮೇಲೆ ತುಂಬಿದ ಜೀಪು ಹತ್ತಿಸಿದಂತೆ. ಅಪ್‌ಗ್ರೇಡ್ ಎಂದರೆ ಡಿಸ್ಕಿನ ತುಂಬ ಗಂಟೆಗಟ್ಟಲೆ ಓದುವ ಬರೆಯುವ ಕೆಲಸ.

ಡಿಸ್ಕು, ರ‍್ಯಾಮ್, ತೇವ

ಹಾರ್ಡ್ ಡಿಸ್ಕ್ ತೆಗೆದು 2.5 ಇಂಚಿನ ಸಾಟಾ (ಹಳೆಯ ಡಿಸ್ಕಿನ ಕೇಬಲಿಗೇ ಕೂರುವ) ಎಸ್‌ಎಸ್‌ಡಿ ಹಾಕುವುದು ಹಳೆಯ ಕಂಪ್ಯೂಟರಿಗೆ ಮಾಡಬಹುದಾದ ಅತ್ಯುತ್ತಮ ಉಪಕಾರ. ಮನೆಬಳಕೆಗೆ 256 ಜಿಬಿ ಸಾಕು, ಫೋಟೊ ವಿಡಿಯೊ ಹೆಚ್ಚಿದ್ದರೆ 500. ಹತ್ತು ಹದಿನೈದು ವರ್ಷದ ಮದರ್‌ಬೋರ್ಡಿನಲ್ಲಿ ಸಾಟಾ ಎರಡನೆಯ ಪೀಳಿಗೆಯದಾದರೆ ಎಸ್‌ಎಸ್‌ಡಿ ತನ್ನ ಗರಿಷ್ಠ ವೇಗದ ಅರ್ಧದಲ್ಲಿ ಓಡುತ್ತದೆ. ಆದರೂ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ, ಏಕೆಂದರೆ ನಮ್ಮನ್ನು ಕಾಯಿಸುತ್ತಿದ್ದದ್ದು ಆ ತೋಳಿನ ಓಡಾಟ. ಮದರ್‌ಬೋರ್ಡಿನಲ್ಲಿ ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದ್ದರೆ ಅದು ಸಾಟಾ ಬಗೆಯದೋ ಹೆಚ್ಚು ವೇಗದ ಎನ್‌ವಿಎಂಇ ಬಗೆಯದೋ ಎಂದು ಮಾಡೆಲ್ ನಂಬರ್ ಹಿಡಿದು ನೋಡಿಯೇ ಕೊಳ್ಳಿ. ಎರಡೂ ನೋಡಲು ಒಂದೇ ಥರ, ಒಂದರ ಜಾಗದಲ್ಲಿ ಇನ್ನೊಂದು ಕೂತರೂ ಕೆಲಸ ಮಾಡದೆ ಹೋಗಬಹುದು. ಮೈಸೂರಿಗೋ ಬೆಂಗಳೂರಿಗೋ ಹೋಗಿ ತಂದದ್ದನ್ನು ಬದಲಿಸಲು ಮತ್ತೆ ಒಂದು ದಿನ ಹಾಳು.

ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ 32 ಅಥವಾ 64 ಜಿಬಿಯ ಇಎಂಎಂಸಿ ಎಂಬ ಸಂಗ್ರಹವನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದನ್ನು ಬದಲಿಸಲಾಗದು. 32 ಜಿಬಿಯದರಲ್ಲಿ ವಿಂಡೋಸಿನ ದೊಡ್ಡ ಅಪ್‌ಡೇಟಿಗೆ ಜಾಗವೇ ಸಾಲದು. ಅಂಥ ಯಂತ್ರಕ್ಕೆ ದುಡ್ಡು ಸುರಿಯದಿರುವುದೇ ಮೇಲು.

ಹಳೆಯ ಡಿಸ್ಕನ್ನು ಇದ್ದಂತೆಯೇ ನಕಲು ಮಾಡಬೇಕೆ, ಹೊಸದಾಗಿ ವಿಂಡೋಸ್ ಹಾಕಬೇಕೆ? ಡಿಸ್ಕು ಆರೋಗ್ಯವಾಗಿದ್ದು ಒಳಗೆ ವರ್ಷಗಳ ಲೆಕ್ಕದ ತಂತ್ರಾಂಶ, ಪ್ರಿಂಟರ್, ಡಿಜಿಟಲ್ ಸಹಿಯ ಏರ್ಪಾಡು ಎಲ್ಲ ಸರಿಯಾಗಿ ಕೂತಿದ್ದರೆ ನಕಲು ಒಳ್ಳೆಯದು. ಕ್ಲೋನ್‌ಜಿಲ್ಲಾ ಉಚಿತವಾಗಿ ಮಾಡುತ್ತದೆ, ಆದರೆ ಸಾಮಾನ್ಯ ಕ್ರಮದಲ್ಲಿ ಅದು ಹೊಸ ಡಿಸ್ಕು ಹಳೆಯದರಷ್ಟಾದರೂ ದೊಡ್ಡದಿರಬೇಕೆಂದು ಕೇಳುತ್ತದೆ. ಒಂದು ಟಿಬಿಯಿಂದ 256 ಜಿಬಿಗೆ ಇಳಿಸುವುದಾದರೆ ಎಸ್‌ಎಸ್‌ಡಿ ತಯಾರಕರೇ ಕೊಡುವ ನಕಲಿನ ತಂತ್ರಾಂಶ ನೋಡಿ. ಇಲ್ಲವೇ ಹೊಸದಾಗಿಯೇ ಹಾಕಿ. ಹೊಸದಾಗಿ ಹಾಕುವಾಗ, ವಿಂಡೋಸಿಗೂ ಮೊದಲು ಏಳುವ ಮದರ್‌ಬೋರ್ಡಿನ ತಂತ್ರಾಂಶ ಬಯೋಸ್‌ನಲ್ಲಿ ಸಾಟಾ ಮೋಡ್ 'ಐಡಿಇ' ಎಂದಿದ್ದರೆ ಮೊದಲೇ 'ಎಎಚ್‌ಸಿಐ'ಗೆ ಬದಲಿಸಿ. ನಕಲು ಮಾಡಿದ ಡಿಸ್ಕಿನಲ್ಲಿ ಇದನ್ನು ಹಾಗೇ ಬದಲಿಸಿದರೆ ನೀಲಿ ಪರದೆ ಬಂದು ನಿಲ್ಲುತ್ತದೆ.

ಡಿಸ್ಕು ಬದಲಿಸಿದರೆ ವಿಂಡೋಸಿನ ಲೈಸೆನ್ಸ್ ಹೋಗುತ್ತದೆಂಬ ಹೆದರಿಕೆ ಬೇಡ. ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಗುರುತು ಹಿಡಿಯುವುದು ಮುಖ್ಯವಾಗಿ ಮದರ್‌ಬೋರ್ಡನ್ನು. ಅದೇ ಆವೃತ್ತಿ, ಅಂದರೆ ಹೋಮ್ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ ಹಾಕಿ ಇಂಟರ್‌ನೆಟ್ ಕೊಟ್ಟರೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟವನ್ನು ಈಗಲೇ ತೆರೆದು ನೋಡಿ. 'ಡಿಜಿಟಲ್ ಲೈಸೆನ್ಸ್' ಎಂದಿದ್ದರೆ ಸರಿ. ಮನೆಯ ಕಂಪ್ಯೂಟರಿನಲ್ಲಿ 'ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸೇವೆ' ಎಂಬರ್ಥದ ಮಾತು ಕಂಡರೆ ಯಾರೋ ಕಳ್ಳ ಆಕ್ಟಿವೇಟರ್ ಹಾಕಿದ್ದಾರೆ. ಅಂಥ ಆಕ್ಟಿವೇಟರ್ ಜೊತೆಗೆ ಡಿಫೆಂಡರನ್ನು ಕಟ್ಟಿಹಾಕಿ ಕಳ್ಳ ತಂತ್ರಾಂಶವೂ ನುಸುಳಿರುತ್ತದೆ ಅನೇಕ ಸಲ. ನಿಧಾನಕ್ಕೆ ಅದೇ ಕಾರಣವಿರಲೂಬಹುದು. ಈ ಸ್ಥಿತಿಯಲ್ಲಿ ನಕಲು ಬೇಡವೇ ಬೇಡ. ಫೈಲುಗಳನ್ನಷ್ಟೇ ಎತ್ತಿಕೊಂಡು ಹೊಸದಾಗಿ ಹಾಕಬೇಕು.

ರ‍್ಯಾಮ್ ಎಂಟು ಜಿಬಿ ಇರಲಿ. ಕೊಳ್ಳುವ ಮೊದಲು ಹಳೆಯದನ್ನು ತೆಗೆದು ಅದರ ಮೇಲಿನ ಚೀಟಿ ಓದಿ: ಡಿಡಿಆರ್3, ಡಿಡಿಆರ್3ಎಲ್, ಡಿಡಿಆರ್4 ಮೂರೂ ಬೇರೆ. 3ಎಲ್ 1.35 ವೋಲ್ಟಿನದು, ಬರೀ 3 ಆದರೆ 1.5 ವೋಲ್ಟಿನದು, 3ಎಲ್ ಕೇಳುವ ಲ್ಯಾಪ್‌ಟಾಪ್‌ಗೆ 3 ಹಾಕಿದರೆ ಅನೇಕ ಸಲ ಪರದೆಯೇ ಬರುವುದಿಲ್ಲ. ಜೊತೆಗೆ ವಿಂಡೋಸ್ 32 ಬಿಟ್ ಆಗಿದ್ದರೆ ಎಂಟು ಜಿಬಿ ಹಾಕಿಯೂ ನಾಲ್ಕರ ಆಚೆ ಅದಕ್ಕೆ ಕಾಣುವುದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿ 'ಸಿಸ್ಟಮ್ ಟೈಪ್' ನೋಡಿ. 32ರಿಂದ 64ಕ್ಕೆ ಹೋಗಲು ಮೇಲಿಂದ ಮೇಲೆ ಅಪ್‌ಗ್ರೇಡ್ ಮಾಡುವ ದಾರಿಯಿಲ್ಲ, ಪೂರಾ ಹೊಸದಾಗಿಯೇ ಹಾಕಬೇಕು.

ಕೊಡಗಿನಲ್ಲಿ ಡಿಸ್ಕಿನಷ್ಟೇ ದೊಡ್ಡ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಬಟ್ಟೆ, ಪುಸ್ತಕ, ಚಪ್ಪಲಿಗೆಲ್ಲ ಬೂಸ್ಟು ಹಿಡಿಯುವಾಗ ಕಂಪ್ಯೂಟರಿನ ಒಳಗೂ ಅದೇ ಗಾಳಿ. ಹಾಕಿದಾಗ ಬೀಪ್ ಹೊಡೆದು ಪರದೆ ಬರದಿದ್ದರೆ, ಕೆಲಸದ ನಡುವೆ ತಟ್ಟನೆ ನೀಲಿ ಪರದೆ ಬಂದರೆ ವಿಂಡೋಸನ್ನು ದೂರುವ ಮೊದಲು ರ‍್ಯಾಮ್ ನೋಡಿ. ಪ್ಲಗ್ ತೆಗೆಯಿರಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ಬಿಡಿಸಿ. ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ, ಮೈಯ ಸ್ಥಿರ ವಿದ್ಯುತ್ ಇಳಿಯಲಿ. ಎರಡು ಬದಿಯ ಕ್ಲಿಪ್ ಅಗಲಿಸಿ ರ‍್ಯಾಮ್ ಎತ್ತಿ. ಅಂಚಿನ ಚಿನ್ನದ ಬಣ್ಣದ ಹಲ್ಲುಗಳು ಹೊಳೆಯುವ ಬದಲು ಮಂಕಾಗಿ, ಅಲ್ಲಲ್ಲಿ ಕಂದು ಚುಕ್ಕೆ ಹತ್ತಿರುವುದು ಕಾಣುತ್ತದೆ. ಸ್ವಚ್ಛವಾದ ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರವಾಗಿ ಉಜ್ಜಿ, ಪುಡಿಯನ್ನು ಮೆದು ಬ್ರಷ್ಷಿನಿಂದ ಪೂರಾ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಸ್ಲಾಟಿನೊಳಗೆ ರಬ್ಬರ್ ಹಾಕಬೇಡಿ, ಬಾಯಿಂದ ಊದಬೇಡಿ. ಒಣಗಿದ ಮೇಲೆ 'ಟಕ್' ಎನ್ನುವವರೆಗೆ ಒತ್ತಿ ಕೂರಿಸಿ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಕಂಪ್ಯೂಟರನ್ನು ಗೋದ್ರೆಜ್ ಬೀರುವಿನಲ್ಲಿಟ್ಟು ಬೀಗ ಹಾಕುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಓಡಿಸುವುದು ಕ್ಷೇಮ. ಓಡುವಾಗ ಹುಟ್ಟುವ ಬಿಸಿಯೇ ಒಳಗಿನ ತೇವವನ್ನು ಒಣಗಿಸುತ್ತದೆ.

ಈಗ ವಿಂಡೋಸಿನ ತೀರ್ಮಾನ

ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ ನಿಂತದ್ದು 2020ರ ಜನವರಿ 14ರಂದು. 8.1ಕ್ಕೆ 2023ರ ಜನವರಿ 10. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಆಫೀಸ್ 2016 ಮತ್ತು 2019ರ ಗಡುವೂ ಅದೇ ದಿನ ಮುಗಿಯಿತು. ಗಡುವು ಮುಗಿದ ಮರುದಿನ ಕಂಪ್ಯೂಟರ್ ನಿಂತುಹೋಗುವುದಿಲ್ಲ. ಹೊಸದಾಗಿ ಪತ್ತೆಯಾಗುವ ಬಿರುಕುಗಳನ್ನು ಮುಚ್ಚುವವರು ಇಲ್ಲವಾಗುತ್ತಾರೆ. ಬ್ರೌಸರೂ ಹಿಂದುಳಿಯುತ್ತದೆ: ವಿಂಡೋಸ್ 7 ಮತ್ತು 8.1ರಲ್ಲಿ ಓಡುವ ಕೊನೆಯ ಕ್ರೋಮ್ 109ನೆಯ ಆವೃತ್ತಿ. ಬ್ಯಾಂಕು, ಜಿಎಸ್‌ಟಿ, ಆಧಾರ್‌ನ ಕೆಲಸ ಮಾಡುವ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇನ್ನೂ ಇದ್ದರೆ ಅದು ಎಷ್ಟೇ ಚುರುಕಾಗಿ ಓಡುತ್ತಿದ್ದರೂ ಇಂಟರ್‌ನೆಟ್ಟಿಗೆ ಜೋಡಿಸಬೇಡಿ.

ಮುಂದಿನ ದಾರಿ ಪ್ರೊಸೆಸರಿನ ಮೇಲೆ ನಿಂತಿದೆ. ಅಬೌಟ್ ಪುಟದಲ್ಲಿ ಅದರ ಹೆಸರಿದೆ. ಇಂಟೆಲ್ ಐ3, ಐ5, ಐ7 ಆದರೆ ಗೆರೆಯ ನಂತರದ ಅಂಕಿ ಓದಿ. ಐ3-5005ಯು ಐದನೆಯ ಪೀಳಿಗೆ, ಐ5-7200ಯು ಏಳನೆಯದು, ಐ5-8250ಯು ಎಂಟನೆಯದು, ಐ5-10210ಯು ಹತ್ತನೆಯದು. ವಿಂಡೋಸ್ 11ಕ್ಕೆ ಎಂಟನೆಯ ಪೀಳಿಗೆ ಅಥವಾ ಅದರಿಂದೀಚಿನದು ಬೇಕು. ಏಳನೆಯದರಲ್ಲಿ ಬೆರಳೆಣಿಕೆಯ ಕೆಲವಕ್ಕೆ ಮಾತ್ರ ಅವಕಾಶ. ರೈಜನ್‌ನಲ್ಲಿ 2500ಯು ಪಟ್ಟಿಯಲ್ಲಿಲ್ಲ, 3500ಯು ಇದೆ. ಇದರ ಜೊತೆಗೆ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಏರ್ಪಾಡು), ಸೆಕ್ಯೂರ್ ಬೂಟ್ (ಏಳುವಾಗ ಕಳ್ಳ ತಂತ್ರಾಂಶ ನುಸುಳದಂತೆ ತಡೆಯುವುದು), ನಾಲ್ಕು ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಎಂದು ಮೈಕ್ರೋಸಾಫ್ಟ್ ಕೇಳುತ್ತದೆ. ಪಿಸಿ ಹೆಲ್ತ್ ಚೆಕ್ ಎಂಬ ಅವರದೇ ತಂತ್ರಾಂಶ ಎಲ್ಲವನ್ನೂ ಒಮ್ಮೆಗೇ ಪರೀಕ್ಷಿಸುತ್ತದೆ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಚೆನ್ನಾಗಿ ಓಡುತ್ತದೆ ಎಂದೇನಲ್ಲ. ಸೆಲೆರಾನ್ ಎನ್4000 ಪಟ್ಟಿಯಲ್ಲಿದೆ. ನಾಲ್ಕು ಜಿಬಿ ರ‍್ಯಾಮಿನೊಂದಿಗೆ ಅದರಲ್ಲಿ ವಿಂಡೋಸ್ 11 ಬಳಸುವುದು ದಿನವೂ ಪಡಿಪಾಟಲು.

ಎಂಟನೆಯ ಪೀಳಿಗೆ, ಎಂಟು ಜಿಬಿ, ಎಸ್‌ಎಸ್‌ಡಿ, ಈ ಮೂರೂ ಇದ್ದರೆ ವಿಂಡೋಸ್ 11ಕ್ಕೆ ಹೋಗಿ, ಹಿಂದೆಮುಂದೆ ನೋಡಬೇಡಿ. ಟಿಪಿಎಂ ಇಲ್ಲವೆಂದು ತೋರಿಸಿದರೆ ಅದು ಬಯೋಸ್‌ನಲ್ಲಿ ಆಫ್ ಆಗಿರುವ ಸಾಧ್ಯತೆಯೇ ಹೆಚ್ಚು. ಇಂಟೆಲ್‌ನಲ್ಲಿ 'ಪಿಟಿಟಿ', ಎಎಂಡಿಯಲ್ಲಿ 'ಎಫ್‌ಟಿಪಿಎಂ' ಎಂಬ ಹೆಸರಿನಲ್ಲಿರುತ್ತದೆ. ಸೆಕ್ಯೂರ್ ಬೂಟ್ ವಿಷಯದಲ್ಲಿ ಮಾತ್ರ ಆತುರ ಬೇಡ. ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ತೆರೆದು 'ಬಯೋಸ್ ಮೋಡ್' ನೋಡಿ. 'ಲೆಗಸಿ' ಎಂದಿದ್ದರೆ ಡಿಸ್ಕು ಎಂಬಿಆರ್ ಎಂಬ ಹಳೆಯ ವಿಭಾಗ ಮಾದರಿಯಲ್ಲಿರುತ್ತದೆ. ಅದನ್ನು ಹಾಗೇ ಬಿಟ್ಟು ಬಯೋಸ್‌ನಲ್ಲಿ ಯುಇಎಫ್‌ಐ ಎಂಬ ಹೊಸ ಬಗೆಗೆ ಬದಲಿಸಿದರೆ ಕಂಪ್ಯೂಟರ್ ಏಳುವುದಿಲ್ಲ. ವಿಂಡೋಸಿನೊಳಗೇ ಇರುವ ಎಂಬಿಆರ್-ಟು-ಜಿಪಿಟಿ ಸಾಧನದಿಂದ, ಬ್ಯಾಕಪ್ ತೆಗೆದ ಮೇಲೆ, ಮೊದಲು ಪರೀಕ್ಷೆ ನಡೆಸಿ, ಆಮೇಲೆ ಡಿಸ್ಕನ್ನು ಹೊಸ ಮಾದರಿಯಾದ ಜಿಪಿಟಿಗೆ ಪರಿವರ್ತಿಸಿ, ಆನಂತರವೇ ಬಯೋಸ್ ಮುಟ್ಟಬೇಕು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗ ಇದ್ದರೆ ರಿಕವರಿ ಕೀಯ 48 ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ಮುಂದುವರಿಯಿರಿ. ಬಯೋಸ್‌ನಲ್ಲಿ ಏನಾದರೂ ಬದಲಾದೊಡನೆ ವಿಂಡೋಸ್ ಅದನ್ನು ಕೇಳಬಹುದು, ಕೊಡಲಾಗದಿದ್ದರೆ ಒಳಗಿನದೆಲ್ಲ ಹೋದಂತೆಯೇ.

ಏಳನೆಯ ಪೀಳಿಗೆ ಅಥವಾ ಅದಕ್ಕಿಂತ ಹಳೆಯದಾದರೆ ಸದ್ಯಕ್ಕೆ ವಿಂಡೋಸ್ 10ರಲ್ಲೇ ಉಳಿದು ವಿಸ್ತರಿತ ಭದ್ರತಾ ಅಪ್‌ಡೇಟಿಗೆ ಹೆಸರು ಕೊಡಬಹುದು. ಇಎಸ್‌ಯು ಎಂಬ ಈ ಏರ್ಪಾಡು ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟವಾಗಿದೆ. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಹೆಸರು ಕೊಡುವ ಕೊಂಡಿ ಕಾಣುತ್ತದೆ. ಸೆಟ್ಟಿಂಗ್ಸ್‌ನ ಬ್ಯಾಕಪ್ ಆನ್ ಮಾಡಿದರೆ ಉಚಿತ. ಇದು ಶಾಶ್ವತ ಪರಿಹಾರವಲ್ಲ, ಉಸಿರಾಡಲು ಸಿಕ್ಕ ಸಮಯ.

ರೂಫಸ್ ಎಂಬ ತಂತ್ರಾಂಶದಿಂದ ಪರೀಕ್ಷೆಗಳನ್ನು ತಪ್ಪಿಸಿ ಹಳೆಯ ಯಂತ್ರಕ್ಕೂ ವಿಂಡೋಸ್ 11 ಹಾಕಲು ಬರುತ್ತದೆ, ನಿಜ. ತಿಂಗಳ ಅಪ್‌ಡೇಟುಗಳು ಸಾಮಾನ್ಯವಾಗಿ ಬರುತ್ತವೆ. ಆದರೆ ಅವು ಬಂದೇ ಬರುತ್ತವೆಂದು ಮೈಕ್ರೋಸಾಫ್ಟ್ ಭರವಸೆ ಕೊಟ್ಟಿಲ್ಲ, ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿಯನ್ನು ಕೈಯಾರೆ ಹಾಕಿಕೊಳ್ಳಬೇಕಾಗುತ್ತದೆ. ಬಿಡುವಿದ್ದು ಇದರಲ್ಲಿ ಆಸಕ್ತಿಯೂ ಇರುವವರಿಗೆ ಸರಿ. ತೋಟದ ಆಫೀಸಿನಲ್ಲಿ ರೈಟರ್ ಒಬ್ಬರೇ ಕೂತು ಕೂಲಿಯ ಲೆಕ್ಕದ ಚೆಕ್‌ರೋಲ್ ಬರೆಯುವ ಕಂಪ್ಯೂಟರಿಗೆ ಹೀಗೆ ಮಾಡಬೇಡಿ. ಅದು ನಿಂತ ದಿನ ವಾರದ ಬಟವಾಡೆ ನಿಲ್ಲುತ್ತದೆ.

ಇಮೇಲ್, ಬ್ರೌಸರ್, ಯೂಟ್ಯೂಬ್, ಪತ್ರ ಟೈಪು ಮಾಡುವುದು ಇಷ್ಟೇ ಬಳಕೆಯಾದರೆ ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಒಳ್ಳೆಯ ದಾರಿ. 22ನೆಯ ಸರಣಿಗೆ 2029ರ ಏಪ್ರಿಲ್‌ವರೆಗೆ ಭದ್ರತಾ ಅಪ್‌ಡೇಟ್ ಇದೆ, ದುಡ್ಡು ಕೊಡಬೇಕಿಲ್ಲ. ನಾಲ್ಕು ಜಿಬಿ ರ‍್ಯಾಮಿನ ಯಂತ್ರಕ್ಕೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಎಂಟು ಜಿಬಿಯ ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಕಂಪ್ಯೂಟರ್ ಏಳಿಸಿ, ಡಿಸ್ಕನ್ನು ಮುಟ್ಟದೆ ಪರೀಕ್ಷಿಸಬಹುದು. ವೈಫೈ, ಧ್ವನಿ, ಪ್ರಿಂಟರ್ ಮೂರೂ ಕೆಲಸ ಮಾಡುತ್ತವೆಯೇ ನೋಡಿ. ಕ್ಯಾನನ್ ಎಲ್‌ಬಿಪಿ 2900 ಮನೆಯಲ್ಲಿದ್ದರೆ ಲಿನಕ್ಸ್‌ನಲ್ಲಿ ಅದು ತುಂಬ ಸತಾಯಿಸುತ್ತದೆ. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಎಚ್‌ಪಿಯ ಹೆಚ್ಚುವರಿ ಪ್ಲಗಿನ್ ಇಳಿಸಿಕೊಂಡರೆ ನಡೆಯುತ್ತದೆ. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ, ಟ್ಯಾಲಿ ಇರುವಲ್ಲಿ ವಿಂಡೋಸ್ ಬಿಡಬೇಡಿ.

ಕನ್ನಡದ ಫೈಲುಗಳು

ಹೊಸದಾಗಿ ವಿಂಡೋಸ್ ಹಾಕಿದ ಮರುದಿನ ಬರುವ ದೂರುಗಳಲ್ಲಿ ದೊಡ್ಡದು ಇದು: ಹಳೆಯ ಪತ್ರ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಫೈಲು ಕೆಟ್ಟಿರುವುದಿಲ್ಲ. ನುಡಿ 4, ಹಳೆಯ ಬರಹ, ಶ್ರೀಲಿಪಿಯಲ್ಲಿ ಟೈಪು ಮಾಡಿದ್ದು, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್ ಅಲ್ಲ. ಅಲ್ಲಿ ಕನ್ನಡದ ರೂಪ ಕೊಡುವುದು 'ನುಡಿ 01 ಇ'ಯಂಥ ಫಾಂಟು ಮಾತ್ರ. ಫಾರ್ಮ್ಯಾಟ್ ಮಾಡಿದಾಗ ಫಾಂಟೂ ಹೋಯಿತು. ಆದ್ದರಿಂದ ಬ್ಯಾಕಪ್ ತೆಗೆಯುವಾಗ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹದ ಫಾಂಟುಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಹೊಸ ವಿಂಡೋಸಿನಲ್ಲಿ ಅವುಗಳ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ ಪತ್ರಗಳು ಮೊದಲಿನಂತೆ ಕಾಣುತ್ತವೆ. ಲಿನಕ್ಸ್‌ನ ಲಿಬ್ರೆಆಫೀಸಿನಲ್ಲೂ ಇದೇ ಉಪಾಯ.

ತುಂಗಾ ಫಾಂಟಿನಲ್ಲಿ ಮಾಡಿದ ಪತ್ರದ ಸಾಲುಗಳು ಹಿಂದೆಮುಂದೆ ಆಗಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿ. ವಿಂಡೋಸ್ 10ರಿಂದ ಅದು ಮೊದಲೇ ಕೂತಿರುವುದಿಲ್ಲ. ಟೈಪಿಂಗಿಗೆ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಕೀಲಿಮಣೆ ಎರಡೂ ವಿಂಡೋಸ್‌ನಲ್ಲೇ ಇವೆ. ನುಡಿಯ ಕೆಜಿಪಿ ವಿನ್ಯಾಸಕ್ಕೆ ಕೈ ಪಳಗಿದವರಿಗೆ ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನಲ್ಲಿ ಅದೂ ಸಿಗುತ್ತದೆ.

ಟ್ಯಾಲಿ ಇದ್ದರೆ ಡೇಟಾ ಫೋಲ್ಡರ್ ನಕಲು ಮಾಡಿದ ಮೇಲೆ, ಫಾರ್ಮ್ಯಾಟಿಗೆ ಮುಂಚೆ, ಲೈಸೆನ್ಸ್ ಸರೆಂಡರ್ ಮಾಡಿ. ಇಲ್ಲವಾದರೆ ಲೈಸೆನ್ಸ್ ಹಳೆಯ ಸ್ಥಾಪನೆಗೇ ಕಟ್ಟಿಕೊಂಡಿರುತ್ತದೆ. ಡಾಸ್ ಕಾಲದ 16 ಬಿಟ್ ಲೆಕ್ಕದ ಪ್ರೋಗ್ರಾಮ್ ಇನ್ನೂ ಬಳಸುತ್ತಿದ್ದರೆ ಅದು 64 ಬಿಟ್ ವಿಂಡೋಸಿನಲ್ಲಿ ನೇರವಾಗಿ ಓಡುವುದಿಲ್ಲ. ಹಳೆಯ ಡಾಸನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಓಡುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಸಹಿಯ ಟೋಕನಿನ ಚಿಂತೆ ಬೇಡ, ಕೀ ಟೋಕನಿನೊಳಗೇ ಇದೆ. ಡ್ರೈವರ್ ಮತ್ತೆ ಹಾಕಿದರಾಯಿತು.

ಯಾವಾಗ, ಹೇಗೆ

ಕಾಫಿ ಕೊಯ್ಲಿನ ಕಾಲದಲ್ಲಿ ಈ ಕೆಲಸ ಬೇಡ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಲೆಕ್ಕದ ಕಂಪ್ಯೂಟರಿಗೆ ಒಂದು ದಿನವೂ ಬಿಡುವಿರುವುದಿಲ್ಲ. ಜೋರು ಮಳೆಯಲ್ಲೂ ಬೇಡ, ಮರ ಬಿದ್ದು ಲೈನ್ ಹೋದರೆ ಕರೆಂಟು ಬರುವುದು ಯಾವಾಗಲೋ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಗುಡುಗು ಸಿಡಿಲು. ಉಳಿದದ್ದು ಮಳೆ ಹಿಂದೆಗೆದು ಸುಗ್ಗಿ ಹಬ್ಬ ಹುತ್ತರಿಗೆ ಮುಂಚಿನ ಕೆಲವು ವಾರ. ಅದರಲ್ಲೂ ಬೆಳಿಗ್ಗೆ ಶುರು ಮಾಡಿ, ಮಧ್ಯಾಹ್ನದ ಮೋಡ ಕಟ್ಟುವುದರೊಳಗೆ ಮುಗಿಸಿ.

ಎಸ್‌ಎಸ್‌ಡಿಯಲ್ಲಿ ಅಪ್‌ಗ್ರೇಡಿಗೆ ಒಂದೆರಡು ಗಂಟೆ, ಹಾರ್ಡ್ ಡಿಸ್ಕಿನಲ್ಲಿ ಅರ್ಧ ದಿನವಾದರೂ ಹಿಡಿಯಬಹುದು. ಹಳೆಯ ಬ್ಯಾಟರಿಯ 600 ವಿಎ ಯುಪಿಎಸ್ ಹತ್ತು ನಿಮಿಷವೂ ತಾಳದು. ಮನೆಯ ಇನ್ವರ್ಟರಿನ ಪ್ಲಗ್ಗಿಗೆ ಹಾಕಿ, ಅದರ ಹಿಂದಿನ ಸ್ವಿಚ್ಚು 'ಯುಪಿಎಸ್' ಮೋಡ್‌ನಲ್ಲಿರಲಿ. ಇನ್ನೊಂದು ಮೋಡ್‌ನಲ್ಲಿ ಕರೆಂಟು ಬದಲಾಗುವ ಆ ಕ್ಷಣದಲ್ಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ನಡುವೆ ಕರೆಂಟು ಹೋದರೆ ವಿಂಡೋಸ್ ಬಹಳ ಸಲ ತಾನೇ ಹಳೆಯ ಸ್ಥಿತಿಗೆ ಮರಳುತ್ತದೆ. ಬಯೋಸ್ ಅಪ್‌ಡೇಟ್ ನಡುವೆ ಹೋದರೆ ಮಾತ್ರ ಮದರ್‌ಬೋರ್ಡೇ ಹೋಗುವ ಅಪಾಯವಿದೆ.

ವಿಂಡೋಸ್ 11ರ ಫೈಲು 5ರಿಂದ 7 ಜಿಬಿ. ದಿನಕ್ಕೆ ಒಂದೂವರೆ ಎರಡು ಜಿಬಿಯ ಮೊಬೈಲ್ ಪ್ಯಾಕಿನಲ್ಲಿ, ಅದೂ ತೋಟದ ಮನೆಯ ಒಂದು ಕಡ್ಡಿ ನೆಟ್‌ವರ್ಕಿನಲ್ಲಿ, ಇದನ್ನು ಇಳಿಸಲು ಹೋಗಬೇಡಿ. ಫೈಬರ್ ಇರುವ ನೆಂಟರ ಮನೆಯಲ್ಲಿ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ ಪೆನ್‌ಡ್ರೈವ್ ಮಾಡಿ ತನ್ನಿ. ಮನೆಗೆ ಬಂದು ಹಳೆಯ ವಿಂಡೋಸ್ ಓಡುತ್ತಿರುವಾಗಲೇ ಪೆನ್‌ಡ್ರೈವಿನ ಸೆಟಪ್ ತೆರೆಯಿರಿ, 'ಫೈಲು ಮತ್ತು ಆ್ಯಪ್‌ಗಳನ್ನು ಉಳಿಸು' ಎಂಬುದನ್ನು ಆರಿಸಿ. ಮುಗಿದ ಮೇಲೆ ನಿಮ್ಮ ಮೊಬೈಲ್ ಹಾಟ್‌ಸ್ಪಾಟನ್ನು 'ಮೀಟರ್ಡ್' ಎಂದು ಗುರುತು ಹಾಕಿ, ಇಲ್ಲವಾದರೆ ಮೊದಲ ದಿನವೇ ಡೇಟಾ ಖಾಲಿ.

ಹೊಸ ವಿಂಡೋಸ್ ಹಿಡಿಸದಿದ್ದರೆ ಹತ್ತು ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ಹಿಂದಕ್ಕೆ ಹೋಗಬಹುದು. ಆ ಹತ್ತು ದಿನ ಡಿಸ್ಕ್ ಕ್ಲೀನಪ್ ಮಾಡಬೇಡಿ. 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್ ಅಳಿದರೆ ವಾಪಸು ಹೋಗುವ ದಾರಿಯೂ ಅಳಿಯುತ್ತದೆ. ಆ ದಿನಗಳಲ್ಲೇ ನಿಮ್ಮ ಎಲ್ಲ ಕೆಲಸವನ್ನೂ ಒಂದೊಂದು ಸಲ ಮಾಡಿ ನೋಡಿ: ಪ್ರಿಂಟು, ಸ್ಕ್ಯಾನು, ಟೋಕನ್ ಹಾಕಿ ಸಹಿ, ಹಳೆಯ ನುಡಿ ಪತ್ರ, ಚೆಕ್‌ರೋಲ್.

ತೆಗೆದ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ, ಯಾರಿಗೂ ಕೊಡಬೇಡಿ. ತಾರೀಖು ಬರೆದ ಚೀಟಿ ಅಂಟಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ಕೊಯ್ಲು ಮುಗಿಯುವವರೆಗೆ ಕಾಪಾಡಿ. ಮರೆತುಹೋದ ಒಂದು ಫೋಲ್ಡರ್ ನೆನಪಾಗುವುದು ಸಾಮಾನ್ಯವಾಗಿ ಮಾರ್ಚ್‌ನ ಲೆಕ್ಕ ಮುಗಿಸಲು ಕೂತಾಗ. ಆಗ ಯುಎಸ್‌ಬಿಯಿಂದ ಸಾಟಾಗೆ ಹೋಗುವ ಕೇಬಲ್ ಒಂದಿದ್ದರೆ ಐದು ನಿಮಿಷದಲ್ಲಿ ಅದು ಕೈಗೆ ಸಿಗುತ್ತದೆ.